ಫೋನು ಕಣ್ಣಿನ ಮುಂದೆ ಹಿಡಿಯಿರಿ

ಅಪ್ಪಾ,

ದಪ್ಪಕ್ಷರದಲ್ಲಿ ಬರೆದಿದ್ದೇನೆ, ಕಾಣುವುದಿಲ್ಲ ಎನ್ನಬೇಡಿ. ಹತ್ತು ಗಂಟೆಗೆ ಸೆಬು ಪಟ್ಟಣದ ಕಣ್ಣಿನ ಡಾಕ್ಟರಮ್ಮ ವಿಡಿಯೋದಲ್ಲಿ ಬರುತ್ತಾರೆ. ಹೋದ ಸಲ ಫೋನನ್ನು ಕಿವಿಗಿಟ್ಟುಕೊಂಡಿರಿ, "ಕಿವಿ ಚೆನ್ನಾಗಿದೆ ಅಜ್ಜಾ, ಕಣ್ಣೆಲ್ಲಿ?" ಅಂದರು ಪಾಪ.

ವಿಡಿಯೋದಲ್ಲಿ ಕಣ್ಣು ನೋಡಲು ಒಪ್ಪಿಗೆ ನಿಮ್ಮ ಬಾಯಿಂದಲೇ ಬರಬೇಕು, ಅದು ಕಾನೂನು. ಪಕ್ಕದ ಮನೆ ಚಾಯೊಂಗ್ ಅತ್ತೆ ನಿಮ್ಮ ಬದಲು "ಹ್ಞೂಂ" ಅನ್ನುವಂತಿಲ್ಲ. ಅವರ ಬಾಯಿಗೆ ಅಕ್ಕಿಯ ಬಿಬಿಂಕಾ ಕೇಕು ತುರುಕಿ ಕೂರಿಸಿ.

ಮಬ್ಬಾಗಿದ್ದರೆ ಮಬ್ಬು ಎಂದೇ ಹೇಳಿ. ಕನ್ನಡಕ ಬರೆದುಕೊಡಲು ಮಾತ್ರ ಎದುರಿಗೇ ಕೂರಿಸಿ ನೋಡಬೇಕಂತೆ. ಈ ದ್ವೀಪಕ್ಕೆ ಡಾಕ್ಟರನ್ನೇ ಕಳಿಸದವರು ಮಾಡಿದ ಕಾನೂನು!

ಅದಕ್ಕೇ ಡಾಕ್ಟರು ಬೇಕೆಂದು ಪುರಸಭೆಯ ಮುಂದೆ ಕೂಗಲು ಹೊರಟೆ. ಹೋದ ಮೆರವಣಿಗೆಯಲ್ಲಿ ನೀವು ಫಲಕವನ್ನು ತಲೆಕೆಳಗಾಗಿ ಹಿಡಿದು ನಗೆಪಾಟಲಾದಿರಲ್ಲ, ಇವತ್ತು ನಾನೂ ಹಾಗೇ ಹಿಡಿಯುತ್ತೇನೆ. ಯಾಕೆಂದು ಮೇಯರ್ ಕೇಳಲಿ, "ನಮ್ಮಪ್ಪನಿಗೆ ಕಾಣೋದು ಹೀಗೇ ಸ್ವಾಮಿ" ಅನ್ನುತ್ತೇನೆ.

ನಿಮ್ಮ ಲಿಗಾಯಾ