ಕೌದಿ ಸುಡಬ್ಯಾಡ್ರಿ

ಅತ್ತೀರ,

ನೀವು ಗುಡಿಯಿಂದ ಬರೂದ್ರಾಗ ನಾ ಹೆಬ್ಬಳ್ಳಿಗೆ ಹೋಗಿರತೇನಿ. ನಿಮ್ಮ ಮಗಳ ಮನ್ಯಾಗೂ ಎಲ್ಲಾರಿಗೂ ಕಜ್ಜಿ ಆಗೇತಿ. ಕೂಸಿನ್ನ ಡಾಕ್ಟರಿಗೆ ತೋರಿಸಿ ನಾಳೆ ಬರತೇನಿ.

ನಿನ್ನೆ ನಮ್ಮ ಡಾಕ್ಟರ್ ಕೊಟ್ಟ ಮಲಾಮು ಟಿವಿ ಮುಂದ ಇಟ್ಟೇನಿ. ರಾತ್ರಿ ಕುತ್ತಿಗಿಯಿಂದ ಅಂಗಾಲಿನ ತನಕ ಎಲ್ಲಾರೂ ಹಚ್ಚಿಕೊಂಡು ಮಲಗ್ರಿ, ಮುಂಜಾನೆ ಜಳಕ ಮಾಡ್ರಿ. ಮಾವ "ನನಗೇನ ತುರಸಾಕತ್ತಿಲ್ಲ" ಅಂತಾರ, ಕೇಳಬ್ಯಾಡ್ರಿ. ನಿನ್ನೆ ಬಾಗಲಾ ಚೌಕಟ್ಟಿಗೆ ಬೆನ್ನು ತಿಕ್ಕಾಕತ್ತಿದ್ದು ನಾ ನೋಡೇನಿ. ಅವರೊಬ್ಬರು ಬಿಟ್ಟರ ನಾವೆಲ್ಲಾ ಹಚ್ಚಿಕೊಂಡಿದ್ದು ದಂಡ.

ನೀವು ಹೊಲಿದ ಕೌದಿ ಕೇಶ್ವಾಪುರದ ಕೂಸಿಗೆ ಹೋತು, ಹೆಬ್ಬಳ್ಳಿ ಕೂಸಿಗೆ ಹೋತು, ತಿರುಗಿ ನಮ್ಮನಿಗೆ ಬಂತು. ಬಳಗದಾಗ ಯಾವ ಕೂಸು ಹುಟ್ಟಿದ್ರೂ ಮೊದಲ ಅದರ ಮ್ಯಾಲೇ ಮಲಗಸೂದು ನಮ್ಮ ರೂಢಿ. "ನನ್ನ ಕೌದಿಯಿಂದನ ಎಲ್ಲಾರಿಗೂ ಹತ್ತಿತು" ಅಂತ ನೀವು ಉಣ್ಣೂದು ಬಿಟ್ಟು ಕುಂತೀರಿ. ಹಂಗಲ್ರಿ. ಇದು ಹೆಚ್ಚು ಮೈಗೆ ಮೈ ತಾಗಿ ಹಬ್ಬತೈತಿ ಅಂದ್ರು ಡಾಕ್ಟರ್. ಕೂಸು ಎತ್ತಿಕೊಳ್ಳದವರು ನಮ್ಮಾಗ ಯಾರದಾರ? ಮೂರೂ ಮನಿಯವರು ನಾಚಿಕೊಂಡು ಬಾಯಿ ಬಿಡಲಿಲ್ಲ, ತಪ್ಪು ಅದು.

ಸಾರು ಮಾಡೇನಿ, ಬಿಸಿ ಮಾಡಿಕೊಂಡು ಉಣ್ರಿ.

ಕೌದಿ ಸುಡಬ್ಯಾಡ್ರಿ. ಕುದಿಯೋ ನೀರಾಗ ನೆನಸಿ ಒಗದು, ಬಿಸಿಲಿಗೆ ಹಾಕ್ರಿ. ಮಲಾಮು ನಾನೂ ಹಚ್ಚಿಕೋಬಹುದೋ ಇಲ್ಲೋ ಅಂತ ಡಾಕ್ಟರನ್ನ ಬ್ಯಾರೆ ಕೇಳಬೇಕಾತು. ನಡೀತೈತಂತ. ಯಾಕ ಕೇಳಿದೆ ಅಂತ ನಿಮ್ಮ ಮಗಗೂ ಇನ್ನಾ ಹೇಳಿಲ್ಲ.

ಛಲೋತ್ನಾಗಿ ಒಣಗಸ್ರಿ ಅತ್ತೀ. ಈ ಸಲ ಕೌದಿ ನಮ್ಮನ್ಯಾಗನ ಬೇಕಾಗತೈತಿ.

ಉಮಾಶ್ರೀ