ಅಪ್ಪನ ಸಹಿ ಇಲ್ಲದ ರಜಾ ಚೀಟಿ

ಜಮುನಾ,

ಇವತ್ತು ನಮ್ಮ ಹರಿಹರದ ಹಾಸ್ಟೆಲಿನಲ್ಲಿ ನಿಮ್ಮ ಹಕ್ಕಿಪಿಕ್ಕಿ ಕ್ಯಾಂಪಿನದೇ ಹುಡುಗಿ ಸುಜಾತಾ ವಾರ್ಡನ್ ಆದ ನನ್ನ ಬಳಿ ರಜಾ ಚೀಟಿ ತಂದಳು. ಅಪ್ಪನ ಸಹಿಯಿರಲಿಲ್ಲ, ನಿಮ್ಮಪ್ಪನ ಹಾಗೆ ಅವನೂ ಕೂದಲೆಣ್ಣೆ ಮಾರಲು ದೂರ ಹೋಗಿದ್ದಾನೆ.

"ಯಾಕವ್ವ, ಏನಾಗೈತೆ?" ಎಂದೆ.

"ಬದುಕೋದೇ ಬ್ಯಾಡ ಅನ್ಸತೈತ್ರಿ, ಮೇಡಂ."

ಕೂತೆ, ಎದ್ದೆ, ಮತ್ತೆ ಕೂತೆ. ಫೋನ್ ಮಾಡಿ ಕರೆದ ಮನೋವೈದ್ಯೆ ದಾವಣಗೆರೆಯಿಂದ ಬರುವ ತನಕ ಅವಳ ಕೈ ಬಿಡಲಿಲ್ಲ. ಈಗ ಅವಳ ಅಜ್ಜಿಯೂ ಬಂದು ಜೊತೆಗಿದ್ದಾಳೆ. ನನಗೆ ಮಾತ್ರ ಒಂದೆಡೆ ನಿಲ್ಲಲಾಗುತ್ತಿಲ್ಲ.

ನೀನು ಜೀವ ಕಳೆದುಕೊಂಡ ಆ ವಾರ ಮೂರು ಸಲ ಚೀಟಿ ತಂದಿದ್ದೆ. ಮೂರು ಸಲವೂ ನಾನು ತಲೆಯೆತ್ತದೆ, "ಅಪ್ಪನ ಸಹಿ ಹಾಕಿಸ್ಕೊಂಡು ಬಾ" ಎಂದಿದ್ದೆ. ಕೊನೆಯದನ್ನು ನೀನು ಮೇಜಿನ ಮೇಲೇ ಬಿಟ್ಟು ಹೋಗಿದ್ದೆ. ಇವತ್ತೇ ಮೊದಲು ಓದಿದೆ. ಕಾರಣ ಬರೆಯುವ ಜಾಗ ಖಾಲಿಯಿದೆ.