ಚಿಕ್ಕಪ್ಪನ ಅಂಗಿಯೊಳಗಿನ ಹಲ್ಲು

ರೈವಂಗ, ಸುವಾ
ಮಾರ್ಚ್ ೧೨, ೨೦೧೯, ಮಂಗಳವಾರ

ಪ್ರೀತಿಯ ಇಸಿರೆಲಿ ಅಣ್ಣಾ,

ಹೇಗಿದ್ದೀಯ? ಆಸ್ಟ್ರೇಲಿಯಾದ ಆ ಮಾಂಸದ ಕಾರ್ಖಾನೆಯ ಶೀತದ ಕೋಣೆಯಲ್ಲಿ ಚಾಕು ಹಿಡಿದು ಹಿಡಿದು ಬಲಗೈ ಬೆರಳುಗಳು ಮರಗಟ್ಟುತ್ತವೆ ಎಂದಿದ್ದೆಯಲ್ಲ, ಈಗ ಹೇಗಿವೆ? ಒಳಗೆ ಹಾಕಿಕೊಳ್ಳಲು ಉಣ್ಣೆಯ ಕೈಗವಸು ಬೇಕೆಂದು ಸೂಪರ್‌ವೈಸರನ್ನು ಕೇಳು. ಬೇಡಿಕೊಳ್ಳಬೇಡ, ಕೇಳು. ಎರಡಕ್ಕೂ ಇರುವ ವ್ಯತ್ಯಾಸವನ್ನು ಅಪ್ಪ ನಮಗೆ ಕಲಿಸಿದ್ದಾರೆ. ತಿನ್ನಲು ಕೆಸುವಿನ ಗೆಡ್ಡೆ ಸಿಗುತ್ತಿದೆಯೋ, ಇಲ್ಲ ಬರೀ ಬ್ರೆಡ್ಡೋ? ಭಾನುವಾರ ಚರ್ಚಿಗೆ ಹೋಗುತ್ತೀಯೋ, ಇಲ್ಲ ನಿದ್ದೆಯನ್ನೇ ಪ್ರಾರ್ಥನೆ ಅಂದುಕೊಂಡಿದ್ದೀಯೋ?

ಇಷ್ಟು ಪ್ರೀತಿ ತೋರಿಸಿದ್ದಾಯಿತು, ಇನ್ನು ಜಗಳಕ್ಕೆ ಬರುತ್ತೇನೆ. ನಮ್ಮಲ್ಲಿ ತಂಗಿಯಾದವಳು ಅಣ್ಣನ ಮುಖಕ್ಕೆ ಎದುರುತ್ತರ ಕೊಡುವಂತಿಲ್ಲ, ಹೇಳಬೇಕಾದ್ದನ್ನು ಬೇರೆಯವರಿಂದ ಹೇಳಿಸಬೇಕು. ಅದಕ್ಕೇ ಮೊನ್ನೆ ಫೋನಿನಲ್ಲಿ ನೀನು ಅಪ್ಪಣೆ ಕೊಡಿಸುತ್ತಾ ಹೋದೆ, ನಾನು ಹೂಂಗುಟ್ಟುತ್ತಾ ಹೋದೆ. ಆದರೆ ಕಾಗದದಲ್ಲಿ ಜಗಳ ಆಡಬಾರದು ಎಂದು ಯಾವ ಹಿರಿಯರೂ ಹೇಳಿಲ್ಲ. ನಾಳೆಯ ವಿಮಾನಕ್ಕೆ ನಿನ್ನ ಕಡೆ ಹೊರಟಿರುವ ತೆವಿತಾ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಕುಳಿತು ಓದು.

ಅಪ್ಪನಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದ ವಾರವೇ ನೀನು ಊರಿಗೆ ಫೋನು ಮಾಡಿ ಮಾಥಿಯು ಚಿಕ್ಕಪ್ಪನನ್ನು ಎಬ್ಬಿಸಿದೆ. ಅವರು ನಿನ್ನ ಬಾಯಾಗಿ ದೋಣಿ ಹತ್ತಿ ಬಂದರು. ನನ್ನ ಮನೆಯ ಚಾಪೆಯ ಮೇಲೆ ನಮ್ಮವರೆಲ್ಲ ಯಂಗೋನ ಬೇರಿನ ಪಾನಕದ ಬಟ್ಟಲಿನ ಸುತ್ತ ಕುಳಿತು, ಅಪ್ಪನನ್ನು ಹೊರದೇಶಕ್ಕೆ ಕಳಿಸುವುದು, ಅಲ್ಲಿ ಬಲವಾದ ಔಷಧಿ ಹಾಕಿಸುವುದು, ಅವರು ಒಪ್ಪದಿದ್ದರೆ ತಂಬುವಾ ಒಪ್ಪಿಸುವುದು ಎಂದು ತೀರ್ಮಾನಿಸಿದರು. ಊರ ಮನೆಯ ತಂಬುವಾ, ಆ ತಿಮಿಂಗಿಲದ ಹಲ್ಲು, ಚಿಕ್ಕಪ್ಪನ ಚೀಲದಲ್ಲಿ ಆಗಲೇ ಸಿದ್ಧವಿತ್ತು. ಅದನ್ನು ಕೈಯಲ್ಲಿ ತೆಗೆದುಕೊಂಡ ಮೇಲೆ ಇಲ್ಲ ಎನ್ನುವ ಮನುಷ್ಯ ನಮ್ಮಲ್ಲಿ ಹುಟ್ಟಿಲ್ಲ. ಬಹಳ ಜಾಣತನದ ಉಪಾಯ, ಅಣ್ಣಾ. ಪ್ರೀತಿಯ ಉಪಾಯ ಕೂಡ, ಅದು ನನಗೆ ಗೊತ್ತು. ಆದರೆ ಆ ಚಾಪೆಯ ಮೇಲೆ ಒಬ್ಬ ಮನುಷ್ಯ ಮಾತ್ರ ಇರಲಿಲ್ಲ. ರಕ್ತ ಯಾರದೋ ಅವರು.

ಹಡಗುಕಟ್ಟೆಯ ಮುಷ್ಕರ ನಿನಗೆ ನೆನಪಿರಬೇಕು. ಕಂಪನಿಯವರೂ ಅಧಿಕಾರಿಗಳೂ ಬಾಗಿಲು ಹಾಕಿಕೊಂಡು ಕೂಲಿಯವರ ಕೂಲಿ ನಿಗದಿ ಮಾಡುತ್ತಿದ್ದಾಗ ಅಪ್ಪ ಬಾಗಿಲು ತಳ್ಳಿ ಒಳಗೆ ಹೋಗಿ, "ನನ್ನ ಬೆನ್ನಿನ ಮೇಲೆ ಎಷ್ಟು ಮೂಟೆ ಹೇರ್ಬೇಕು ಅಂತ ಮಾತಾಡೋರು ನನ್ನ ಮುಖ ನೋಡ್ಕೊಂಡು ಮಾತಾಡ್ರಪ್ಪಾ" ಎಂದಿದ್ದರು. ಆ ಮಾತಿನ ಮೇಲೆ ನಾವು ಬೆಳೆದೆವು. ಹೊಲಿಗೆ ಕಾರ್ಖಾನೆಯ ಹೆಂಗಸರ ಸಂಘದಲ್ಲಿ ನಾನು ಇವತ್ತಿಗೂ ಅದನ್ನೇ ಹೇಳಿ ಹೊಟ್ಟೆ ಹೊರೆಯುತ್ತೇನೆ. ಈಗ ಅದೇ ಮನುಷ್ಯ ಮಂಚ ಹಿಡಿದರೆಂದು, ಕೂಡಿಕೊಂಡು ಅವರ ಮೇಲೆ ಮೂಟೆ ಹೇರಲು ಹೊರಟ ಕಂಪನಿ ಯಾವುದು? ನಾವೇ.

ಆ ತೀರ್ಮಾನದ ಮರುದಿನ ಬೆಳಿಗ್ಗೆ ನಾನು ಆಸ್ಪತ್ರೆಯಲ್ಲಿ ಡಾಕ್ಟರ್ ಕುಸುಮ್ ಅವರ ಕೋಣೆಗೆ ಹೋಗಿ, "ನಂಗೆ ಹೇಳಿದ್ದನ್ನೆಲ್ಲ ಅಪ್ಪಂಗೇ ಹೇಳಿ ಮೇಡಂ, ನಮ್ಮ ಭಾಷೇಲೇ ಹೇಳಿ" ಎಂದೆ. ಪಾಪ, ಆಕೆ ಕಬ್ಬಿನ ನಾಡಿನ, ಹಿಂದಿ ಆಡುವ ಮನೆಯ ಹುಡುಗಿ, ಆದರೂ ನಮ್ಮ ಭಾಷೆಯನ್ನು ನಮ್ಮ ಮಕ್ಕಳಿಗಿಂತ ಚೆನ್ನಾಗಿ ಆಡುತ್ತಾಳೆ. ವಾರ್ಡಿಗೆ ಬಂದು ಸ್ಟೂಲು ಎಳೆದುಕೊಂಡು ಅಪ್ಪನ ಪಕ್ಕ ಕುಳಿತಳು. ಮೂಳೆಯೊಳಗಿನ ಮಜ್ಜೆಯಲ್ಲಿ ಬಲಿಯದ, ಕೆಲಸಕ್ಕೆ ಬಾರದ ಕಣಗಳೇ ತುಂಬಿಕೊಂಡಿವೆ, ಒಳ್ಳೆಯ ರಕ್ತ ಹುಟ್ಟಲು ಜಾಗವಿಲ್ಲ ಎಂದಳು. ಅಪ್ಪ ಸ್ವಲ್ಪ ಯೋಚಿಸಿ, "ಅಂದ್ರೆ ಕಟ್ಟೆ ತುಂಬಾ ಸೂಪರ್‌ವೈಸರ್‌ಗಳೇ ನಿಂತವ್ರೆ, ಕೂಲಿಯವ್ರಿಗೆ ಕಾಲಿಡೋಕೂ ಜಾಗ ಇಲ್ಲ, ಅಷ್ಟೇ ತಾನೇ ಮಗಾ?" ಎಂದರು. ಆಕೆ ನಕ್ಕು ಅಷ್ಟೇ ಎಂದಳು.

ಆಮೇಲೆ ನಗು ಬಿಟ್ಟು ದಾರಿಗಳನ್ನು ಬಿಡಿಸಿ ಹೇಳಿದಳು. ನೀನು ಹಟ ಹಿಡಿದಿರುವ ಬಲವಾದ ಔಷಧಿ ಕಾಯಿಲೆಯನ್ನು ಪೂರ್ತಿ ಹಿಮ್ಮೆಟ್ಟಿಸಬಹುದು. ಆದರೆ ಕೆಟ್ಟದ್ದರ ಜೊತೆ ಒಳ್ಳೆಯದನ್ನೂ ಸುಡುತ್ತದೆ. ವಾರಗಟ್ಟಲೆ ಆಸ್ಪತ್ರೆಯಲ್ಲೇ ಇರಬೇಕು, ಸಣ್ಣ ಸೋಂಕು ತಗುಲಿದರೂ ಪ್ರಾಣಕ್ಕೆ ಸಂಚಕಾರ. ಎಪ್ಪತ್ತೈದು ದಾಟಿದ, ಎದೆ ಬಲಹೀನವಾಗಿರುವ ಮನುಷ್ಯ ಅದರಿಂದ ಎದ್ದು ಬರುವುದಕ್ಕಿಂತ ಅದರಲ್ಲೇ ಮುಗಿದುಹೋಗುವ ಭಯ ಹೆಚ್ಚು. ಇನ್ನೊಂದು, ತಿಂಗಳಲ್ಲಿ ಕೆಲವು ದಿನ ಚರ್ಮದಡಿ ಕೊಡುವ ಸಣ್ಣ ಸೂಜಿ. ವಾಸಿ ಮಾಡುವುದಿಲ್ಲ, ಕಾಯಿಲೆಯನ್ನು ಕೆಲವರಲ್ಲಿ ತಿಂಗಳುಗಟ್ಟಲೆ ತಡೆದು ನಿಲ್ಲಿಸುತ್ತದೆ, ಕೆಲವರಲ್ಲಿ ನಿಲ್ಲಿಸುವುದಿಲ್ಲ. ಮನೆಯಲ್ಲೇ ಇದ್ದುಕೊಂಡು, ನಡುನಡುವೆ ಬಂದು ರಕ್ತ ಹಾಕಿಸಿಕೊಳ್ಳಬೇಕು. ಸೂಜಿಯೂ ಬೇಡವೆಂದರೆ ರಕ್ತ, ನೋವಿಗೆ ಮದ್ದು, ಜ್ವರಕ್ಕೆ ಮದ್ದು. ಅದರಲ್ಲಿ ದಿನಗಳು ಕಡಿಮೆ. "ಅದೂ ಸೋಲಲ್ಲ ಅಜ್ಜಾ, ಅದೂ ಚಿಕಿತ್ಸೇನೇ" ಎಂದಳು. ಈ ಸಮುದ್ರದ ಜನಕ್ಕೆ ದೊಡ್ಡ ಕಾಯಿಲೆ ಬಂದಾಗಲೆಲ್ಲ ದೊಡ್ಡ ಔಷಧಿ ಯಾಕೆ ಬೇರೆ ದೇಶದಲ್ಲೇ ಇರುತ್ತದೆ ಎಂದು ನಾನು ಕೆರಳಿ ಕೇಳಿದೆ. ಆ ದೇಶಗಳಿಗೆ ನಮ್ಮ ಬೆನ್ನು ಬೇಕು, ನಿನ್ನ ಬೆರಳು ಬೇಕು, ನಮ್ಮ ರಕ್ತಕ್ಕೆ ಮಾತ್ರ ಇಲ್ಲಿ ಮದ್ದು ಬೇಡ. ಅಪ್ಪ ನನ್ನ ಕೈ ಅದುಮಿ, "ವಸಿತಿ, ಭಾಷಣ ಆಮೇಲೆ. ಈಗ ಲೆಕ್ಕ ಕೇಳೋಣ" ಎಂದರು.

ಮತ್ತೆ ಅವರು ಕೇಳಿದ್ದು ಏನು ಗೊತ್ತೇ? ನಮ್ಮಲ್ಲಿ ಒಬ್ಬರಿಗೂ ಹೊಳೆಯದ ಪ್ರಶ್ನೆ. "ಈ ಸಣ್ಣ ಸೂಜಿ ತಗೊಂಡ್ರೆ ನಾನು ಗೆಡ್ಡೆ ನೆಡಬಹುದಾ?" ಮಣ್ಣಿನಲ್ಲಿ ಸೋಂಕು ಇರುತ್ತದೆ, ನೀವು ಕೈ ಹಾಕುವಂತಿಲ್ಲ, ಕುರ್ಚಿ ಹಾಕಿಕೊಂಡು ಕೂತು ಬೇರೆಯವರ ಕೈಲಿ ನೆಡಿಸಬಹುದು ಎಂದಳು ಡಾಕ್ಟರು. "ಹಾಗಾದ್ರೆ ಚಿಂತೆ ಇಲ್ಲ, ಸಂಘದಲ್ಲಿ ಜೀವಮಾನವೆಲ್ಲ ಅದನ್ನೇ ಮಾಡಿದ್ದು" ಎಂದರು ಅಪ್ಪ.

ಅವತ್ತು ರಕ್ತದ ಚೀಲ ತಂದ ನರ್ಸು ಯಾವ ದ್ವೀಪದವಳು ಗೊತ್ತೇ, ನಮ್ಮವರು ತಲೆತಲಾಂತರದಿಂದ ಛೇಡಿಸುತ್ತಾ ಬಂದಿರುವ ದ್ವೀಪದವಳು! "ಅಜ್ಜಾ, ಇದು ನಮ್ಮೂರ ಹುಡುಗರು ಕೊಟ್ಟ ರಕ್ತ. ನಾಳೆಯಿಂದ ನಿಮ್ಮ ಮುಖಕ್ಕೂ ಸ್ವಲ್ಪ ಕಳೆ ಬರುತ್ತೆ" ಎಂದಳು. "ಅಯ್ಯೋ, ನಾಳೆಯಿಂದ ನಂಗೂ ಮೀನು ಕದಿಯೋ ಚಾಳಿ ಹತ್ತುತ್ತಲ್ಲೇ!" ಎಂದರು ಅಪ್ಪ. ವಾರ್ಡಿಗೆ ವಾರ್ಡೇ ನಕ್ಕಿತು. ಆ ನಗುವಿನ ನಡುವೆಯೇ ನನ್ನನ್ನು ಹತ್ತಿರ ಕರೆದು, ತಗಡಿನ ಪೆಟ್ಟಿಗೆಯಲ್ಲಿ ಅಮ್ಮ ತೀರಿಕೊಂಡಾಗ ಬಂದ ತಂಬುವಾ ಇದೆ, ತಂದುಕೊಡು ಎಂದರು. ಯಾಕೆಂದು ಅವರು ಹೇಳಲಿಲ್ಲ. ಚಿಕ್ಕಪ್ಪನ ಚೀಲದ ವಿಷಯ ನಾನೂ ಬಾಯಿ ಬಿಡಲಿಲ್ಲ.

ಭಾನುವಾರ ಪ್ರಾರ್ಥನೆ ಮುಗಿಸಿ ಚಿಕ್ಕಪ್ಪ ಹಿರಿಯರ ಹಿಂಡು ಕಟ್ಟಿಕೊಂಡು ವಾರ್ಡಿಗೆ ಬಂದರು. ಹೂಗಳ ಅಂಗಿ, ಅಂಗಿಯೊಳಗೆ ಹೊಟ್ಟೆಯ ಹತ್ತಿರ ಒಂದು ಉಬ್ಬು. ಅಪ್ಪ ಅದನ್ನೇ ನೋಡಿ, "ಏನೋ ಮಾಥಿಯು, ಬಾಯಲ್ಲಿದ್ದ ಹಲ್ಲೆಲ್ಲ ಉದುರಿದ್ಮೇಲೆ ಹೊಟ್ಟೇಲಿ ಹುಟ್ಟಿದೆಯಾ?" ಎಂದರು. ಚಿಕ್ಕಪ್ಪ ತಬ್ಬಿಬ್ಬಾಗಿ ಗುಂಡಿ ಬಿಚ್ಚುವಷ್ಟರಲ್ಲಿ ಅಪ್ಪ ದಿಂಬಿನಡಿಯಿಂದ ಅಮ್ಮನ ತಂಬುವಾ ತೆಗೆದು, ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದರು. "ನಾನು ಹಿರಿಯ. ನಂದು ಮೊದಲು" ಎಂದರು. ಹಿರಿಯಣ್ಣ ಎತ್ತಿ ಹಿಡಿದ ಹಲ್ಲನ್ನು ತಮ್ಮ ಹೇಗೆ ಬೇಡವೆಂದಾನು? ಚಿಕ್ಕಪ್ಪ ಮಂಡಿಯೂರಿ ತೆಗೆದುಕೊಂಡರು. ಬಂದವರೆಲ್ಲ ಕೈತಟ್ಟಿದರು. ಅಪ್ಪನ ಕೋರಿಕೆ ಇಷ್ಟು: ಸಣ್ಣ ಸೂಜಿ, ಬೇಕಾದಾಗ ರಕ್ತ, ವಸಿತಿಯ ಮನೆ. ಸೂಜಿ ಕೈಕೊಟ್ಟರೆ ನೋವಿಗೆ ಮದ್ದು. ಹೊರದೇಶದ ಮಾತನ್ನು ಯಾರೂ ಎತ್ತಬಾರದು. ಚಿಕ್ಕಪ್ಪ ಆ ಹಲ್ಲನ್ನು ಎದೆಗೊತ್ತಿಕೊಂಡು ಮಗುವಿನ ಹಾಗೆ ಅತ್ತರು. ಊರಿನ ಹಲ್ಲು ಅಂಗಿಯೊಳಗೇ ಉಳಿಯಿತು.

ಅಪ್ಪ ಸಾಯುವುದನ್ನು ಆರಿಸಿಕೊಂಡರು ಎಂದು ನೀನು ಗೋಡೆಗೆ ಗುದ್ದಬೇಡ. ಉಳಿದಿರುವ ದಿನಗಳನ್ನು ಯಾರ ಮನೆಯಲ್ಲಿ, ಯಾರ ಜೊತೆ ಕಳೆಯಬೇಕು ಎಂದು ಅವರು ಆರಿಸಿಕೊಂಡಿದ್ದಾರೆ. ನಿನ್ನೆ ಸೂಜಿ ಶುರುವಾಯಿತು. ಇವತ್ತು ತೆಂಗಿನ ಹಾಲಿನ ಮೀನುಸಾರು ಉಂಡು, ಉಪ್ಪು ಸಾಲದೆಂದು ನನ್ನನ್ನು ಬೈದರು. ಆ ಬೈಗುಳ ಕೇಳಿ ನನಗೆಷ್ಟು ಹಿತವಾಯಿತೆಂದು ನಿನಗೆ ಬರೆದು ತಿಳಿಸಲಾರೆ.

ಅಪ್ಪ ನಿನ್ನ ತಲೆಯ ಮೇಲೆ ಕೈಯಿಟ್ಟಿದ್ದಾರೆಂದು ತಿಳಿ. ಚಿಕ್ಕಪ್ಪ ನಿನ್ನನ್ನು ನೆನೆದರು. ಕೈಬೆರಳು ಜೋಪಾನ.

ಜಗಳಗಂಟಿಯಾದರೂ ನಿನ್ನವಳೇ ಆದ ತಂಗಿ,
ವಸಿತಿ

ಮರೆತಿದ್ದೆ. ತೆವಿತಾ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಅಪ್ಪನ ಕೋರಿಕೆಯಲ್ಲಿ ಇನ್ನೂ ಒಂದು ಮಾತಿತ್ತು. "ಗೆಡ್ಡೆ ಇಸಿರೆಲಿ ನೆಡಬೇಕು. ನಾನು ಕುರ್ಚೀಲಿ ಕೂತು ಅವನನ್ನ ಬೈಬೇಕು. ದುಡ್ಡು ಬೇಡ, ಅವನು ಬರಲಿ." ನೀನು ಚಿಕ್ಕಪ್ಪನನ್ನು ನಿನ್ನ ಬಾಯಾಗಿ ಕಳಿಸಿದ್ದೆ. ಹಾಗಾಗಿ ಅಪ್ಪನಿಂದ ಆ ಹಲ್ಲು ತೆಗೆದುಕೊಂಡದ್ದೂ ಅವರು ನಿನ್ನ ಕೈಯಾಗಿಯೇ, ಅಣ್ಣಾ. ರಜೆ ಕೊಡುವುದಿಲ್ಲ ಎಂದರೆ ಚಾಕು ಅಲ್ಲೇ ಇಟ್ಟು ಬಾ. ಮಗನನ್ನು ಅಪ್ಪನಿಂದ ದೂರ ಕಟ್ಟಿಹಾಕುವ ಕೆಲಸದ ಒಪ್ಪಂದ ಹರಿದು ಹೋಗಲಿ. ಹಿತ್ತಿಲನ್ನು ಅಗೆದು ಇಟ್ಟಿದ್ದೇನೆ. ಕುರ್ಚಿಯನ್ನೂ ಹಾಕಿದ್ದೇನೆ.